ಪಿಯಾಜೆ ಬಂದರೂ ಟಿಇಟಿ ಬರೀಬೇಕು

ನನ್ನದು ಕಿರಾಣಿ ಅಂಗಡಿ. ಓದಿದ್ದು ಬಿ.ಕಾಂ., ಅದರಲ್ಲೂ ಎರಡು ಸಬ್ಜೆಕ್ಟ್ ಇವತ್ತಿಗೂ ಬಾಕಿ. ಆದರೆ ಒಂದನೇ ತರಗತಿ ಮಕ್ಕಳಿಗೆ ಸಂಖ್ಯಾಜ್ಞಾನ ಹೇಗೆ ಕಲಿಸಬೇಕು ಅಂತ ಯಾರಾದರೂ ಕೇಳಿದರೆ, ಬೆಲ್ಲ ತೂಗುತ್ತಲೇ ಅರ್ಧ ಗಂಟೆ ಮಾತಾಡಬಲ್ಲೆ. ನಮ್ಮ ಮನೆಯವರು, ಅಂದರೆ ನನ್ನ ಹೆಂಡತಿ, ಸರ್ಕಾರಿ ಪ್ರಾಥಮಿಕ ಶಾಲೆ ಟೀಚರ್. ಅವರ ಆನ್‌ಲೈನ್ ತರಬೇತಿಯ ವಿಡಿಯೋಗಳು ಓಡುವುದು ನನ್ನ ಗಲ್ಲಾಪೆಟ್ಟಿಗೆ ಪಕ್ಕ, ಅಗರಬತ್ತಿ ಸ್ಟ್ಯಾಂಡಿಗೆ ಒರಗಿಸಿಟ್ಟ ಹಳೇ ಮೊಬೈಲಿನಲ್ಲಿ. ಅವರು ಅಲ್ಲಿ ಪಾಠ ಮಾಡುತ್ತಿರುತ್ತಾರೆ. ಪಾಠ ಮಾಡುವುದು ಹೇಗೆ ಅನ್ನುವುದನ್ನು ಅವರ ಪರವಾಗಿ ಇಲ್ಲಿ ನಾನು ಕಲಿಯುತ್ತಿರುತ್ತೇನೆ.

ನನ್ನ ಕೆಲಸ ಇಷ್ಟೇ, ವಿಡಿಯೋ ನಿಂತಾಗ ‘ಮುಂದೆ’ ಒತ್ತಬೇಕು. ಸುಲಭ ಅಂದುಕೊಳ್ಳಬೇಡಿ. ನಡುವೆ ಪ್ರಶ್ನೆ ಬರುತ್ತೆ. ಒಮ್ಮೆ ಅರ್ಧ ಕೆಜಿ ತೊಗರಿಬೇಳೆ ಕಟ್ಟುತ್ತಿದ್ದಾಗ ‘ಸಂತೋಷದಾಯಕ ಕಲಿಕೆ ಎಂದರೇನು’ ಅಂತ ಕೇಳಿತು. ಬೇಳೆ ತಗೊಳ್ಳೋಕೆ ಬಂದಿದ್ದ ಅಜ್ಜಿಯನ್ನೇ ಕೇಳಿದೆ. “ಮೇಷ್ಟ್ರು ಬರದೇ ಇದ್ರೆ ಮಕ್ಕಳಿಗೆ ಸಂತೋಷ ಕಣಪ್ಪಾ” ಅಂದರು. ಆ ಆಪ್ಷನ್ ಇರಲಿಲ್ಲ.

ನಿಷ್ಠಾ ಅಂತ ಒಂದು ತರಬೇತಿ ಕಾರ್ಯಕ್ರಮ ಇದೆ, ಗೊತ್ತಲ್ವಾ? 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದೇಶದ 42 ಲಕ್ಷ ಶಿಕ್ಷಕರನ್ನು ತಿದ್ದುತ್ತೇವೆ ಅಂತ ಶುರು ಮಾಡಿದ್ದು. ಕೊರೊನಾ ಬಂದಮೇಲೆ ಅದು ದೀಕ್ಷಾ ಆ್ಯಪಿಗೆ ಹತ್ತಿತು, 18 ಮಾಡ್ಯೂಲು. ಆಮೇಲೆ 2.0 ಬಂತು, ಆಮೇಲೆ 3.0. ಹೆಸರುಗಳನ್ನು ಗಮನಿಸಿ. ನಿಷ್ಠಾ, ದೀಕ್ಷಾ. ಯಾವುದೋ ಮಠದಲ್ಲಿ ಕೂತು ಇಟ್ಟ ಹಾಗಿವೆ. ಮುಂದಿನದಕ್ಕೆ ಸನ್ಯಾಸ ಅಂತಲೇ ಇಟ್ಟರೂ ಯಾರಿಗೂ ಆಶ್ಚರ್ಯ ಆಗಲಿಕ್ಕಿಲ್ಲ. ಇದಲ್ಲದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬೇರೆ ಇದೆ. ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಅಭಿವೃದ್ಧಿ ಹೊಂದಬೇಕು ಅನ್ನುತ್ತೆ ಅದು. ಆ ಲೆಕ್ಕದಲ್ಲಿ ನಾನೂ ಸಾಕಷ್ಟು ಅಭಿವೃದ್ಧಿ ಹೊಂದಿದ್ದೇನೆ. ಅಂಗಡಿ ಮಾತ್ರ ಇದ್ದಲ್ಲೇ ಇದೆ.

ಇನ್ನು ನಮ್ಮ ಮನೆಯವರ ವಿಷಯಕ್ಕೆ ಬರುತ್ತೇನೆ. ಪಿಯುಸಿ ಆದಮೇಲೆ ಟಿಸಿಎಚ್ ಅನ್ನುವ ಶಿಕ್ಷಕರ ತರಬೇತಿ ಕೋರ್ಸ್ ಮಾಡಿದರು. 2002ರಲ್ಲಿ ಕೆಲಸ ಸಿಕ್ಕಿತು, ಆದೇಶದಲ್ಲಿ 1ರಿಂದ 7ನೇ ತರಗತಿಗೆ ಅಂತ ಬರೆದಿತ್ತು. ಕೆಲಸ ಸಿಕ್ಕ ಮೇಲೆ ಬೇರೆಯವರು ಸೈಟ್ ತಗೊಳ್ತಾರೆ, ಇವರು ಡಿಗ್ರಿ ತಗೊಂಡರು. ದೂರಶಿಕ್ಷಣದಲ್ಲಿ ಬಿ.ಎ., ಆಮೇಲೆ ಬಿ.ಇಡಿ., ಆಮೇಲೆ ಕನ್ನಡ ಎಂ.ಎ. ಮಗಳು ಹೊಟ್ಟೆಯಲ್ಲಿದ್ದಾಗ ಬಿ.ಎ. ಮೊದಲ ವರ್ಷದ ಪರೀಕ್ಷೆ, ಅವಳು ಒಂದನೇ ತರಗತಿಗೆ ಹೋಗುವಾಗ ಎಂ.ಎ. ಪರೀಕ್ಷೆ. ಎಲ್ಲದರ ಫೀಸೂ ನಮ್ಮ ಗಲ್ಲಾದಿಂದಲೇ ಹೋಯಿತು. ಇವರು ಏಳನೇ ತರಗತಿಗೆ ಕನ್ನಡ, ಸಮಾಜ ಪಾಠ ಮಾಡುತ್ತಾ ಚೆನ್ನಾಗೇ ಇದ್ದರು.

2017ರಲ್ಲಿ ಹೊಸ ವೃಂದ ಮತ್ತು ನೇಮಕಾತಿ ನಿಯಮ ಬಂತು. 6ರಿಂದ 8ನೇ ತರಗತಿಗೆ ‘ಪದವೀಧರ ಪ್ರಾಥಮಿಕ ಶಿಕ್ಷಕರು’ ಅಂತ ಹೊಸ ವೃಂದ, ಮುಂಚೆಯಿಂದ ಇದ್ದವರೆಲ್ಲ 1ರಿಂದ 5ಕ್ಕೆ. ನಮ್ಮವರು ಪದವೀಧರರು, ಪ್ರಾಥಮಿಕ ಶಾಲೆಯಲ್ಲಿದ್ದಾರೆ, ಶಿಕ್ಷಕರು. ಮೂರೂ ಪದ ಹೊಂದುತ್ತೆ. ಆದರೆ ಮೂರನ್ನೂ ಸೇರಿಸಿದರೆ ಹೊಂದಲ್ಲ! ಪದವಿ ಇದೆ, ಆದರೆ ನೇಮಕ ಆಗುವಾಗ ಇರಲಿಲ್ಲವಲ್ಲ ಅಂತಾರೆ. ಮದುವೆ ಆದಮೇಲೆ ಹುಟ್ಟಿದ ಮಕ್ಕಳು ಲೆಕ್ಕಕ್ಕಿಲ್ಲ, ಮದುವೆ ದಿನ ಎಷ್ಟಿದ್ದರು ಹೇಳಿ ಅಂದ ಹಾಗೆ. ಈ ನಿಯಮವನ್ನು ಮುಂಚೆ ಸೇರಿದವರಿಗೆ ಹಾಕಬೇಡಿ ಅಂತ ಕೇಳೋಕೆ 2024ರ ಆಗಸ್ಟ್‌ನಲ್ಲಿ ರಾಜ್ಯದ ಪ್ರಾಥಮಿಕ ಶಾಲಾ ಶಿಕ್ಷಕರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿದ್ದರು. ನಾನೂ ಹೋಗಿದ್ದೆ, ಬುತ್ತಿ ಹೊರೋಕೆ. ಅಷ್ಟು ಜನ ಎಂ.ಎ., ಬಿ.ಇಡಿ. ಆದವರು ಒಟ್ಟಿಗೆ ನೆಲದ ಮೇಲೆ ಕೂತು ಚಿತ್ರಾನ್ನ ತಿನ್ನುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅದು ಹಾಗಿರುವಾಗಲೇ 2025ರ ಸೆಪ್ಟೆಂಬರ್ 1 ಬಂತು. ಶಿಕ್ಷಕರ ದಿನಾಚರಣೆಗೆ ಇನ್ನು ನಾಲ್ಕೇ ದಿನ, ಸುಪ್ರೀಂ ಕೋರ್ಟಿನಿಂದ ಉಡುಗೊರೆ. ಈಗಾಗಲೇ ಕೆಲಸದಲ್ಲಿ ಇರುವವರೂ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು, ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇದ್ದರೆ ಎರಡು ವರ್ಷದೊಳಗೆ, ಇಲ್ಲ ಅಂದರೆ ಮನೆಗೆ. ಐದು ವರ್ಷಕ್ಕಿಂತ ಕಡಿಮೆ ಇದ್ದವರು ಸುಮ್ಮನೆ ಇರಬಹುದು, ಬಡ್ತಿ ಕೇಳುವ ಹಾಗಿಲ್ಲ. ಕೋರ್ಟನ್ನು ನಾನು ಬೈಯಲ್ಲ, ಕಾನೂನಿನ ಪುಸ್ತಕದಲ್ಲಿ ಇದ್ದದ್ದನ್ನು ಅವರು ಓದಿ ಹೇಳಿದ್ದಾರೆ. ಆದರೆ ಇದೇ ಟಿಇಟಿಯನ್ನು ಶಿಕ್ಷಕರ ಅರ್ಹತೆ ನಿಗದಿ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇ 2010ರಲ್ಲಿ ತಂದಾಗ ಮುಂಚೆ ನಿಯಮದ ಪ್ರಕಾರ ಸೇರಿದವರಿಗೆ ಬೇಡ ಅಂತಲೇ ಬರೆದಿತ್ತು. 2010ರಲ್ಲಿ ಬೇಡ ಅಂದಿದ್ದನ್ನು 2025ರಲ್ಲಿ ಬೇಕು ಅಂದರೆ, ನಡುವಿನ ಹದಿನೈದು ವರ್ಷ ಇವರು ಏನು ಮಾಡುತ್ತಿದ್ದರು ಅಂತ ಅರ್ಥ? ಪಾಠ ಮಾಡುತ್ತಿದ್ದರಾ, ಪಾಠದ ಹಾಗೆ ಕಾಣುವ ಏನನ್ನೋ ಮಾಡುತ್ತಿದ್ದರಾ?

ಅಂದಹಾಗೆ ಈ ಟಿಇಟಿ ಸರ್ಟಿಫಿಕೇಟಿಗೆ ಮೊದಲು ಏಳು ವರ್ಷದ ಗಡುವಿತ್ತು. ನಮ್ಮ ಅಂಗಡಿಯ ಉಪ್ಪಿನಕಾಯಿ ಬಾಟಲಿಗೆ ಇದ್ದ ಹಾಗೆ. 2021ರಲ್ಲಿ ಜೀವನಪೂರ್ತಿ ನಡೆಯುತ್ತೆ ಅಂದರು. ಅದಕ್ಕೆ ಮುಂಚೆ ಡೇಟ್ ಮುಗಿದ ಮೇಷ್ಟ್ರುಗಳೆಲ್ಲ ರಾತ್ರೋರಾತ್ರಿ ಮತ್ತೆ ತಾಜಾ ಆದರು. ಈ ಭಾಗ್ಯ ನನ್ನ ಬಿಸ್ಕೆಟ್ ಪೊಟ್ಟಣಗಳಿಗೆ ಯಾವಾಗ ಬರುತ್ತೋ.

ಈಗ ನಮ್ಮ ಮನೆಯಲ್ಲಿ ಇಬ್ಬರು ಅಭ್ಯರ್ಥಿಗಳು. ಡಿ.ಇಡಿ. (ಪ್ರಾಥಮಿಕ ಶಿಕ್ಷಕರ ಕೋರ್ಸ್) ಮುಗಿಸಿರುವ ಮಗಳು, ಕೆಲಸ ಸಿಗಲಿ ಅಂತ. ಕೆಲಸ ಇರುವ ಅಮ್ಮ, ಅದು ಉಳಿಯಲಿ ಅಂತ. ಒಂದೇ ಗೈಡು, ಇಬ್ಬರಿಗೂ. ಎರಡೂವರೆ ಗಂಟೆಯಲ್ಲಿ 150 ಪ್ರಶ್ನೆ, ಪಾಸಾಗೋಕೆ 90 ಅಂಕ. ಅದರಲ್ಲಿ 30 ಅಂಕ ‘ಶಿಶುವಿಕಾಸ ಮತ್ತು ಬೋಧನಾಶಾಸ್ತ್ರ’ಕ್ಕೆ. ಅಲ್ಲಿ ಯಜಮಾನ ಜೀನ್ ಪಿಯಾಜೆ.

ಗೈಡಿನಲ್ಲಿ ಪಿಯಾಜೆ ಫೋಟೋ ನೋಡಿದ ಮೇಲೆ ಅವರ ಬಗ್ಗೆ ನನಗೆ ಕುತೂಹಲ ಜಾಸ್ತಿಯಾಗಿ ಒಂದಷ್ಟು ಹುಡುಕಿ ಓದಿದೆ. ಸ್ವಿಟ್ಜರ್ಲೆಂಡಿನವರು. ಡಾಕ್ಟರೇಟ್ ಮಾಡಿದ್ದು ಮಕ್ಕಳ ಬಗ್ಗೆ ಅಲ್ಲ, ಬಸವನಹುಳು ಜಾತಿಯ ಮೃದ್ವಂಗಿಗಳ ಬಗ್ಗೆ. ಆಮೇಲೆ ತಮ್ಮ ಮನೆಯ ಮೂರು ಮಕ್ಕಳನ್ನು ಕೂತು ನೋಡಿ ನೋಡಿ, ಮಗು ಹುಟ್ಟಿದಾಗಿನಿಂದ ಹೇಗೆ ಯೋಚನೆ ಮಾಡುತ್ತೆ ಅಂತ ದೊಡ್ಡ ದೊಡ್ಡ ಪುಸ್ತಕ ಬರೆದರು. ಮೂರು ಮಕ್ಕಳು! ನಮ್ಮವರು ಇಪ್ಪತ್ಮೂರು ವರ್ಷದಲ್ಲಿ ಊರಿನ ಅರ್ಧಕ್ಕರ್ಧ ಜನರ ಮೂಗು ಒರೆಸಿದ್ದಾರೆ. ಆದರೆ ಪರೀಕ್ಷೆಯಲ್ಲಿ ಬರೆಯಬೇಕಾದ್ದು ಪಿಯಾಜೆ ಮನೆಯ ಮೂವರ ಬಗ್ಗೆ.

ಪುಣ್ಯಕ್ಕೆ ಪಿಯಾಜೆ ನಮ್ಮ ರಾಜ್ಯದಲ್ಲಿ ಕೆಲಸ ಕೇಳಲಿಲ್ಲ. ಕೇಳಿದ್ದರೆ ದಾಖಲೆ ಪರಿಶೀಲನೆಯ ಟೇಬಲ್ಲಿನಲ್ಲೇ “ಸರ್, ನಿಮ್ಮದು ಪ್ರಾಣಿಶಾಸ್ತ್ರ, ಡಿ.ಇಡಿ. ಎಲ್ಲಿ?” ಅಂತ ವಾಪಸ್ ಕಳಿಸುತ್ತಿದ್ದರು. ಮನಶ್ಶಾಸ್ತ್ರಜ್ಞ ವೈಗಾಟ್ಸ್ಕಿ ಓದಿದ್ದು ಕಾನೂನು, “ಕೋರ್ಟಿನ ಕಡೆ ಹೋಗಿ ಸಾರ್.” ಮಾಂಟೆಸ್ಸರಿ ಅಮ್ಮ ವೈದ್ಯೆ, ಅವರನ್ನು ಆರೋಗ್ಯ ಇಲಾಖೆಗೆ ಕೈ ತೋರಿಸುತ್ತಿದ್ದರು. ಸಿಲಬಸ್ಸಿನಲ್ಲಿ ಫೋಟೋ ಇರುವ ಮೂವರಲ್ಲಿ ಒಬ್ಬರಿಗೂ ಒಂದನೇ ತರಗತಿಯ ಹಾಜರಿ ಕರೆಯೋಕೆ ನಮ್ಮಲ್ಲಿ ಅರ್ಹತೆ ಇಲ್ಲ.

ಬ್ರಿಡ್ಜ್ ಕೋರ್ಸ್ ಅಂತ ಇನ್ನೊಂದು ಇದೆ. ಅದು ಹೆಚ್ಚಾಗಿ ಉತ್ತರದ ರಾಜ್ಯಗಳ ಕಥೆ, ಆದರೂ ಹೇಳದೆ ಇರೋಕೆ ಮನಸ್ಸಾಗುತ್ತಿಲ್ಲ. ದೊಡ್ಡ ತರಗತಿಗಳಿಗೆ ಅಂತ ಇರುವ ಬಿ.ಇಡಿ. ಆದವರೂ 1ರಿಂದ 5ಕ್ಕೆ ಪಾಠ ಮಾಡಬಹುದು, ಆದರೆ ಕೆಲಸಕ್ಕೆ ಸೇರಿ ಎರಡು ವರ್ಷದೊಳಗೆ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಮುಗಿಸಬೇಕು ಅಂತ 2018ರಲ್ಲಿ ಎನ್‌ಸಿಟಿಇ ಹೇಳಿತು. ಜನ ಕೆಲಸಕ್ಕೆ ಸೇರಿದರು. ಕೋರ್ಸ್ ಎಲ್ಲಿ ಅಂತ ಕೇಳಿದರು. ಕೋರ್ಸೇ ಇರಲಿಲ್ಲ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಬಿ.ಇಡಿ.ಯವರು ಪ್ರಾಥಮಿಕಕ್ಕೆ ಸಲ್ಲ ಅಂತು. 2024ರಲ್ಲಿ, ಆಗಲೇ ಸೇರಿದವರು ಇರಲಿ, ಆದರೆ ಬ್ರಿಡ್ಜ್ ಕೋರ್ಸ್ ಮಾಡಲಿ ಅಂತು. ಎನ್‌ಐಒಎಸ್ ಅನ್ನುವ ಕೇಂದ್ರದ ಮುಕ್ತ ಶಾಲಾ ಸಂಸ್ಥೆಯ ಮೂಲಕ ಆ ಆರು ತಿಂಗಳ ಕೋರ್ಸ್ ಹೊರಬರುವ ಹೊತ್ತಿಗೆ 2025. ಇವರೆಲ್ಲ ಈಜಿಕೊಂಡು ಹೊಳೆ ದಾಟಿ, ಬಟ್ಟೆ ಒಣಗಿಸಿ, ಆಚೆ ದಡದಲ್ಲಿ ಮನೆ ಮಾಡಿಕೊಂಡು ಏಳು ವರ್ಷ ಆಗಿತ್ತು. “ಸೇತುವೆ ರೆಡಿ ಆಯ್ತು, ವಾಪಸ್ ಬಂದು ಇದರ ಮೇಲೆ ನಡ್ಕೊಂಡು ಹೋಗಿ” ಅಂದರು.

ಮುಖಾಮುಖಿ ತರಬೇತಿಗಳ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಅಲ್ಲಿ ಊಟ ಕೊಡ್ತಾರೆ. ಇವರು ಹೋಗಿ ಬಂದು ಹೇಳುವ ಪ್ರಕಾರ ಎಲ್ಲ ತರಬೇತಿಯ ಅಂಗರಚನೆ ಒಂದೇ. ಮೊದಲು ಗುಂಪು ಮಾಡ್ತಾರೆ, ಕಾವೇರಿ, ತುಂಗಾ, ಶರಾವತಿ, ಘಟಪ್ರಭಾ. ಒಂದು ಚಾರ್ಟು, ಎರಡು ಸ್ಕೆಚ್ ಪೆನ್ನು. ಆಮೇಲೆ ‘ಉಪನ್ಯಾಸ ಪದ್ಧತಿಯ ಮಿತಿಗಳು’ ಅನ್ನುವ ವಿಷಯದ ಮೇಲೆ ಎರಡು ಗಂಟೆ ಉಪನ್ಯಾಸ. ಪಾಪ ಆ ಸಂಪನ್ಮೂಲ ವ್ಯಕ್ತಿಯೂ ಪಕ್ಕದ ಕ್ಲಸ್ಟರಿನ ಮೇಷ್ಟ್ರೇ. ಅವರಿಗೆ ಮೂರು ದಿನದ ಹಿಂದೆ ಜಿಲ್ಲೆಯಲ್ಲಿ ಇನ್ನೊಬ್ಬರು ಇದೇ ಪಿಪಿಟಿ ಓದಿ ಹೇಳಿರುತ್ತಾರೆ. ಮೇಲಿನಿಂದ ಬರುವಾಗ ಗಟ್ಟಿ ಹಾಲಾಗಿದ್ದದ್ದು ತಾಲ್ಲೂಕಿನ ತರಬೇತಿ ಕೇಂದ್ರ ಬಿಆರ್‌ಸಿಗೆ ಮುಟ್ಟುವಾಗ ಮಜ್ಜಿಗೆ ನೀರು. ಕೊನೇ ದಿನ ಹಿಮ್ಮಾಹಿತಿ ನಮೂನೆ ಕೊಡ್ತಾರೆ. ಎಲ್ಲರೂ ‘ತರಬೇತಿ ಉಪಯುಕ್ತವಾಗಿತ್ತು’ ಅಂತ ಬರೆದು, ಓಓಡಿ (ಬೇರೆ ಕಡೆ ಕರ್ತವ್ಯದಲ್ಲಿದ್ದರು ಅನ್ನುವ) ಪತ್ರಕ್ಕೆ ಸೀಲ್ ಹಾಕಿಸಿಕೊಂಡು ಬಸ್ ಹಿಡಿಯುತ್ತಾರೆ. ಆ ಐದು ದಿನ ಶಾಲೆಯಲ್ಲಿ ಇವರ ತರಗತಿಯನ್ನು ನೋಡಿಕೊಂಡದ್ದು ಅತಿಥಿ ಶಿಕ್ಷಕಿ. ಆ ಹುಡುಗಿಯನ್ನು ಯಾವ ತರಬೇತಿಗೂ ಕರೆಯಲ್ಲ. ಅವಳು ಮಕ್ಕಳ ಜೊತೆ ಇರಬೇಕಲ್ಲ.

ಎಲ್ಲ ತರಬೇತಿಯೂ ದಂಡ ಅಂತ ನಾನು ಹೇಳುತ್ತಿಲ್ಲ. ನಲಿಕಲಿ ನೋಡಿ, ಚಿಕ್ಕ ಮಕ್ಕಳು ಕಾರ್ಡು ಹಿಡಿದು ಆಡುತ್ತಾ ಕಲಿಯುವ ಪದ್ಧತಿ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದು, ಕೂತು ತಾವೇ ಕಾರ್ಡು ಮಾಡಿ ಶುರು ಮಾಡಿದ್ದು. ಕಾಡಂಚಿನ ತಾಲ್ಲೂಕಲ್ಲಿ ಹುಟ್ಟಿದ್ದು ರಾಜ್ಯಕ್ಕೆಲ್ಲ ಹಬ್ಬಿತು. ಆಗ ಯಾರೂ ‘ಮುಂದೆ’ ಒತ್ತಲಿಲ್ಲ, ಒತ್ತೋಕೆ ಏನೂ ಇರಲಿಲ್ಲ. ನಮ್ಮವರು ಇವತ್ತಿಗೂ ಆ ಕಾರ್ಡುಗಳ ಬಗ್ಗೆ ಮಾತಾಡುವಾಗ ಧ್ವನಿ ಬದಲಾಗುತ್ತೆ. ಟಿಇಟಿ ಬಗ್ಗೆ ಮಾತಾಡುವಾಗಲೂ ಬದಲಾಗುತ್ತೆ, ಅದು ಬೇರೆ ತರ.

ಇಷ್ಟೆಲ್ಲ ಅರ್ಹತೆ ಪಡೆದವರು ಮಾಡುವ ಕೆಲಸ ಏನು ಅಂತ ಕೇಳ್ತೀರಾ? ಕಳೆದ ವರ್ಷ ಸೆಪ್ಟೆಂಬರ್ 22ಕ್ಕೆ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು, ಅಂದರೆ 2025ರ ದಸರಾ ರಜೆ. ಮನೆ ಮನೆಗೆ ಹೋಗಿ 60 ಪ್ರಶ್ನೆ ಕೇಳಬೇಕು. ಮುಗಿಯಲಿಲ್ಲ, ಅದಕ್ಕೆ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಉದ್ದ ಮಾಡಿದರು. ಮಕ್ಕಳಿಗೆ ಪಾಠ ಇಲ್ಲದಿದ್ದರೂ ಪರವಾಗಿಲ್ಲ, ಮನೆಗಳ ಕರೆಂಟ್ ಮೀಟರ್ ನಂಬರ್ ಸರಿ ಇರಬೇಕು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ನಿನಲ್ಲಿ ಜನಗಣತಿ, ಚುನಾವಣೆ, ವಿಪತ್ತು ಬಿಟ್ಟರೆ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಾಕಬಾರದು ಅಂತಿದೆ. ಟಿಇಟಿಗೆ ದಾರಿ ಮಾಡಿದ್ದೂ ಅದೇ ಕಾಯ್ದೆಯ 23ನೇ ಸೆಕ್ಷನ್. ಮಧ್ಯೆ ಮೂರೇ ಸೆಕ್ಷನ್. ಅಷ್ಟು ಹತ್ತಿರದ ಮನೆಯನ್ನು ಯಾರೂ ಸಮೀಕ್ಷೆ ಮಾಡಿಲ್ಲ ಅಂತ ಕಾಣುತ್ತೆ.

ಆ ದಿನಗಳಲ್ಲಿ ನಮ್ಮವರು ಬೆಳಿಗ್ಗೆ ಏಳಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಮನೆ. ನೆಟ್‌ವರ್ಕ್ ಇಲ್ಲದ ಕಡೆ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ನಿಲ್ಲುತ್ತಿದ್ದರಂತೆ. ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಶೂ ಲೆಕ್ಕ, ಮಕ್ಕಳ ವಿವರ ಆನ್‌ಲೈನಿಗೆ ಏರಿಸುವುದು, ಇವೆಲ್ಲ ವರ್ಷಪೂರ್ತಿ ಇದ್ದದ್ದೇ. ಟಿಇಟಿಯಲ್ಲಿ ಮೊಟ್ಟೆಯ ಬಗ್ಗೆ 30 ಅಂಕ ಇಟ್ಟಿದ್ದರೆ ಇವರು ಓದದೆಯೇ ಪಾಸು. ಬೇಯಿಸಿದ ಮೇಲೆ ಎಷ್ಟು ಒಡೆಯುತ್ತೆ, ಬಾಳೆಹಣ್ಣು ಬೇಕು ಅನ್ನುವ ಮಕ್ಕಳು ಎಷ್ಟು, ಬಿಲ್ಲು ಎಷ್ಟು ದಿನಕ್ಕೆ ಪಾಸಾಗುತ್ತೆ, ಎಲ್ಲ ಬಾಯಲ್ಲೇ ಇದೆ.

ಮೊನ್ನೆ ರಾತ್ರಿ ಊಟ ಆದಮೇಲೆ ತಾಯಿ ಮಗಳು ಇಬ್ಬರೂ ಮಾದರಿ ಪ್ರಶ್ನೆಪತ್ರಿಕೆ ಬಿಡಿಸುತ್ತಾ ಕೂತಿದ್ದರು. ನಾನು ದಿನದ ಲೆಕ್ಕ ಬರೆಯುತ್ತಿದ್ದೆ. ಮಗಳು ಗಟ್ಟಿಯಾಗಿ ಓದಿದಳು. ‘ನಿಮ್ಮ ತರಗತಿಯಲ್ಲಿ ಒಂದು ಮಗು ಬೆಳಿಗ್ಗೆ ಹೊತ್ತು ಯಾವ ಚಟುವಟಿಕೆಯಲ್ಲೂ ಭಾಗವಹಿಸದೆ ಮಂಕಾಗಿ ಕುಳಿತಿರುತ್ತದೆ. ಶಿಕ್ಷಕರಾಗಿ ನೀವು ಮೊದಲು ಏನು ಮಾಡುವಿರಿ? ಒಂದು, ಶಿಸ್ತು ಕ್ರಮ. ಎರಡು, ಮುಂದಿನ ಸಾಲಿನಲ್ಲಿ ಕೂರಿಸುವುದು. ಮೂರು, ಮುಖ್ಯ ಶಿಕ್ಷಕರಿಗೆ ವರದಿ. ನಾಲ್ಕು, ಮಗುವಿನ ಆಸಕ್ತಿಯನ್ನು ಗುರುತಿಸುವುದು.’

ಇವರು ಪೆನ್ನು ಕೆಳಗಿಟ್ಟರು. “ಬೆಳಿಗ್ಗೆ ಏನಾದ್ರೂ ತಿಂದ್ಕೊಂಡು ಬಂದ್ಯಾ ಅಂತ ಕೇಳ್ತೀನಿ.”

“ಅಮ್ಮಾ, ಅದು ಇಲ್ಲ ಇದರಲ್ಲಿ.”

“ಬ್ಯಾಗಲ್ಲಿ ಬಿಸ್ಕೆಟ್ ಇಟ್ಕೊಂಡಿರ್ತೀನಲ್ಲೇ. ನಿಮ್ಮಪ್ಪನ ಅಂಗಡೀದೇ. ಅರ್ಧ ಪ್ಯಾಕೆಟ್ ತಿಂದ್ರೆ ಹತ್ತು ನಿಮಿಷಕ್ಕೆ ಅವೇ ಎದ್ದು ಬರ್ತವೆ.”

“ಅಮ್ಮಾ, ಜಾಸ್ತಿ ಯೋಚನೆ ಮಾಡಬೇಡ, ಪಾಸಾಗಬೇಕು ಅಂದ್ರೆ ನಾಲ್ಕು ಹಾಕು.”

ಇವರು ನಾಲ್ಕಕ್ಕೆ ಗುರುತು ಹಾಕಿದರು. ಮಗಳು ಪುಸ್ತಕದ ಹಿಂದಿನ ಪುಟ ತಿರುಗಿಸಿ ಕೀ ಉತ್ತರ ನೋಡಿದಳು. ಎರಡು ಅಂತಿತ್ತು.