ಕಾಲುನೋವಿಗೆ ಸರ್ಕ್ಯುಲೇಶನ್ ಮೆಷಿನ್: ಬೇಕಾ, ಬೇಡ್ವಾ?

ಪರ: ನಡೆಯೋಕೆ ಆಗದವರು ಏನು ಮಾಡಬೇಕು?

ನಾನು ಫಿಸಿಯೋಥೆರಪಿಸ್ಟ್. ಪರವಾಗಿ ಬರೆಯಿರಿ ಅಂತ ಕೇಳಿದರು, ಬರೆಯುತ್ತಿದ್ದೇನೆ. ವಿರೋಧ ಕೊಟ್ಟಿದ್ದರೆ ಅದನ್ನೂ ಬರೆಯುತ್ತಿದ್ದೆ, ಬಹುಶಃ ಇನ್ನೂ ಸಲೀಸಾಗಿ. ಆದರೆ ಈ ಮೆಷಿನ್‌ಗಳ ಮಾತು ಬಂದ ಕೂಡಲೇ "ಎಲ್ಲಾ ಮೋಸ" ಅಂತ ಕೈ ತೊಳೆದುಕೊಳ್ಳುವವರನ್ನು ಕಂಡರೆ ನನಗೂ ರೇಗುತ್ತದೆ.

ಸರ್ಕ್ಯುಲೇಶನ್, ಅಂದರೆ ಕಾಲಿನ ರಕ್ತಸಂಚಾರ, ಹೆಚ್ಚಿಸಲು ಅಂತ ಮನೆಗೆ ತರುವ ಈ ಸಾಧನಗಳಲ್ಲಿ ಮುಖ್ಯವಾಗಿ ಮೂರು ಥರ ಇವೆ. ಪಾದ ಇಟ್ಟರೆ ಸಣ್ಣ ಕರೆಂಟ್ ಹರಿದು ಮೀನಖಂಡ ಬಿಗಿಯಾಗಿ ಸಡಿಲಾಗುವುದು ಒಂದು. ಕಾಲಿಗೆ ಸುತ್ತಿಕೊಂಡರೆ ಗಾಳಿ ತುಂಬಿ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು ಇನ್ನೊಂದು. ಒಳಗೆ ಉರುಳೆ ತಿರುಗಿ ಪಾದ ತಿಕ್ಕುವುದು ಮೂರನೆಯದು. ಅದು ಬರೀ ಮಸಾಜು. ಹಾಯಾಗಿರುತ್ತದೆ, ಅಷ್ಟೇ. ನಾನು ಹೇಳುವುದು ಮೊದಲ ಎರಡರ ಬಗ್ಗೆ.

ಪಾದಕ್ಕೆ ಇಳಿದ ರಕ್ತ ವಾಪಸ್ ಮೇಲೆ ಹೋಗಬೇಕಲ್ವಾ? ಅದನ್ನು ಎತ್ತುವುದರಲ್ಲಿ ದೊಡ್ಡ ಪಾಲು ಮೀನಖಂಡದ್ದು. ಸ್ನಾಯು ಬಿಗಿಯಾದಾಗ ಒಳಗಿನ ರಕ್ತನಾಳ ಹಿಂಡಿದಂತಾಗಿ ರಕ್ತ ಮೇಲೆ ಹೋಗುತ್ತದೆ, ನಾಳದೊಳಗಿನ ಕವಾಟಗಳು ಅದು ಮತ್ತೆ ಕೆಳಗೆ ಜಾರದಂತೆ ತಡೆಯುತ್ತವೆ. ನಡೆಯುವಾಗ ಇದೆಲ್ಲ ತಾನಾಗಿ ಆಗುತ್ತದೆ. ಗಂಟೆಗಟ್ಟಲೆ ಕೂತರೆ ಅಥವಾ ನಿಂತಲ್ಲೇ ನಿಂತರೆ ಈ ಪಂಪು ಕೆಲಸ ಮಾಡುವುದಿಲ್ಲ. ಸಂಜೆ ಹೊತ್ತಿಗೆ ಪಾದ ಊದಿಕೊಂಡು, ಚಪ್ಪಲಿ ಬಿಗಿಯಾಗಿ, ಕಾಲು ಭಾರ ಅನ್ನಿಸುವುದು ಅದಕ್ಕೇ. ಟ್ರಾಫಿಕ್ ಪೊಲೀಸರು, ಹೋಟೆಲ್ ಸಪ್ಲೈಯರ್‌ಗಳು, ಸಲೂನಿನವರು, ಇಡೀ ದಿನ ನಿಂತು ಇಸ್ತ್ರಿ ಮಾಡುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ನನ್ನ ಹತ್ತಿರ ಬರುವುದು ಈ ತೊಂದರೆಗೇ.

ಹೊರಗಿನಿಂದ ಸ್ನಾಯುವನ್ನು ಬಿಗಿಗೊಳಿಸಿದರೆ ಅಥವಾ ಒತ್ತಿದರೆ ರಕ್ತ ಮೇಲಕ್ಕೆ ಹೋಗುತ್ತದೆ ಅನ್ನುವುದು ಯಾರೋ ಮಾರಾಟಗಾರರು ಕಟ್ಟಿದ ಕಥೆಯಲ್ಲ. ಆಪರೇಷನ್ ಆದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಆಸ್ಪತ್ರೆಗಳಲ್ಲಿ ಗಾಳಿ ಪಟ್ಟಿ ಕಟ್ಟುತ್ತಾರೆ. ಬ್ರಿಟನ್ನಿನಲ್ಲಿ ಪಾರ್ಶ್ವವಾಯು ಹೊಡೆದು ಏಳಲಾಗದ 2,876 ಜನರ ಮೇಲೆ ಇದನ್ನು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಪಟ್ಟಿ ಕಟ್ಟದವರಲ್ಲಿ ಶೇ. 12.1ರಷ್ಟು ಮಂದಿಗೆ ಕಾಲಿನ ಮೇಲ್ಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಕಟ್ಟಿದವರಲ್ಲಿ ಶೇ. 8.5ರಷ್ಟು. ಮಂಡಿಯ ಪಕ್ಕ ಅಂಟಿಸಿ ನರಕ್ಕೆ ಸಣ್ಣ ಕರೆಂಟ್ ಕೊಡುವ ಸಾಧನವನ್ನು, ರಕ್ತ ಹೆಪ್ಪುಗಟ್ಟದಂತೆ ತಡೆಯಲು ಬೇರೆ ದಾರಿ ಇಲ್ಲದ ರೋಗಿಗಳಿಗೆ ಬಳಸಬಹುದು ಅಂತ, ಯಾವ ಚಿಕಿತ್ಸೆ ಕೊಡಬಹುದು ಎಂದು ಸಲಹೆ ನೀಡುವ ಅಲ್ಲಿನ ನೈಸ್ ಸಂಸ್ಥೆ 2014ರಲ್ಲಿ ಹೇಳಿದೆ.

ಇನ್ನು ನೋವು. ಬೇರೆ ಸ್ಪರ್ಶ, ಕಂಪನ ಸಿಕ್ಕಿದಾಗ ನೋವಿನ ಸುದ್ದಿ ಮೆದುಳಿಗೆ ಹೋಗುವುದು ತಗ್ಗುತ್ತದೆ ಅಂತ 1965ರಲ್ಲೇ ಮೆಲ್ಜಾಕ್ ಮತ್ತು ವಾಲ್ ಅನ್ನುವ ವಿಜ್ಞಾನಿಗಳು ವಿವರಿಸಿದ್ದರು. ಪೆಟ್ಟು ಬಿದ್ದ ಜಾಗವನ್ನು ನಾವು ಉಜ್ಜಿಕೊಳ್ಳುವುದು ಅದಕ್ಕೇ. ಅರ್ಧ ಗಂಟೆ ಮೆಷಿನ್ ಹಾಕಿಕೊಂಡು ರಾತ್ರಿ ನಿದ್ದೆ ಬಂದರೆ ಅದನ್ನು ಸುಮ್ನೆ ಭ್ರಮೆ ಅನ್ನಬೇಕಾ? ಮೆಡಿಕಲ್ ಶಾಪಿಗೆ ಹೋಗಿ ಚೀಟಿ ಇಲ್ಲದೆ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಬರುವುದು ಅದರಿಂದ. ಅದಕ್ಕಿಂತ ಮೆಷಿನ್ ವಾಸಿ.

ನಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಮನೆಯಲ್ಲಿ, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಕಿಟಕಿ ಪಕ್ಕ ಕೂತಿರುವ ಎಂಬತ್ತರ ಅಜ್ಜಿಗೆ ನಡೆಯಿರಿ ಅನ್ನುವುದು ಹೇಗೆ? ಕೆಳಗಿಳಿದರೂ ಫುಟ್‌ಪಾತ್ ಎಲ್ಲಿದೆ? ಅಂಥವರ ಕಾಲಿಗೆ ದಿನಕ್ಕೆ ಅರ್ಧ ಗಂಟೆ ಏನಾದರೂ ಚಲನೆ ಸಿಕ್ಕರೆ ನನಗೆ ಖುಷಿಯೇ.

ಮಂಡಿಯ ಬಗ್ಗೆ ಕೇಳುತ್ತೀರಾ? ಕಾಲಿನ ಭಾರ ಕಡಿಮೆಯಾದರೆ ಮಂಡಿಗೂ ಸ್ವಲ್ಪ ಆರಾಮ ಅನ್ನಿಸುತ್ತದೆ ಅಂತ ಹಲವರು ಹೇಳುತ್ತಾರೆ. ಅದಕ್ಕಿಂತ ಜಾಸ್ತಿ ನಾನು ಹೇಳಲಾರೆ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದೆ ಅನ್ನುವ ಅನುಮಾನ ಇರುವವರು ಕರೆಂಟಿನ ಮೆಷಿನ್ ಮುಟ್ಟಬಾರದು. ಉಳಿದವರು ಡಾಕ್ಟರನ್ನು ಒಂದು ಮಾತು ಕೇಳಿ ಬಳಸಲಿ.

ವಿರೋಧ: ದೊಡ್ಡಮ್ಮನಿಗೆ ಗುಣ ಕಂಡಿದ್ದು ಎಲ್ಲಿಂದ?

ನಾನು ಡಾಕ್ಟರಲ್ಲ. ಆದರೆ ಈ ಮೆಷಿನ್‌ಗಳ ವಿರುದ್ಧ ಬರೆಯಲು ನನ್ನನ್ನು ಎರಡು ಸಲ ಕೇಳುವ ಅಗತ್ಯ ಬರಲಿಲ್ಲ. ನಮ್ಮ ಕಡೆ ಯಾವ ಊರಿಗೆ ಹೋದರೂ ಒಂದು ಕಲ್ಯಾಣ ಮಂಟಪದ ಕೆಳಗೋ, ಖಾಲಿ ಬಿದ್ದ ಅಂಗಡಿ ಮಳಿಗೆಯಲ್ಲೋ "ಉಚಿತ ಫುಟ್ ಪಲ್ಸ್ ಥೆರಪಿ" ಅಂತ ಬ್ಯಾನರ್ ಕಾಣುತ್ತದೆ. ಬೆಳಗ್ಗೆ ಅಲ್ಲಿ ವಯಸ್ಸಾದವರ ಸಾಲು. ಒಂದೊಂದು ಕುರ್ಚಿ ಮುಂದೆ ಒಂದೊಂದು ಮೆಷಿನ್. ಅರ್ಧ ಗಂಟೆ ಪಾದ ಇಟ್ಟು ಕೂರಬೇಕು, ಕಾಸು ಕೊಡಬೇಕಿಲ್ಲ. ಕಾಸಿನ ಮಾತು ಆಮೇಲೆ ಬರುತ್ತದೆ.

ತಿಪಟೂರಿನಲ್ಲಿರುವ ನಮ್ಮ ದೊಡ್ಡಮ್ಮ ಇಂಥ ಒಂದು ಕ್ಯಾಂಪಿಗೆ ಹೋಗುತ್ತಿದ್ದರು. ಮಂಡಿ ನೋವು, ಜೊತೆಗೆ ಶುಗರ್. ಅದಕ್ಕೆ ಮುಂಚೆ ಮನೆ ಬಿಟ್ಟು ಹೊರಗೆ ಹೋಗುವುದನ್ನೇ ಬಿಟ್ಟಿದ್ದರು. ತೋಟಕ್ಕೂ ಹೋಗುತ್ತಿರಲಿಲ್ಲ, ದೇವಸ್ಥಾನಕ್ಕೂ ಆಟೋ. ಪಕ್ಕದ ಬೀದಿಯ ಗೆಳತಿಯೊಬ್ಬರು ಬಂದು ಎಬ್ಬಿಸಿಕೊಂಡು ಹೋದರು. ಕೆಲವು ವಾರ ಕಳೆದ ಮೇಲೆ ಫೋನ್ ಮಾಡಿದರೆ ದನಿಯೇ ಬೇರೆ. "ಚೆನ್ನಾಗೈತೆ ಕಣಪ್ಪ, ಕಾಲು ಹಗುರಾಗೈತೆ, ನೀನೂ ನಿಮ್ಮಮ್ಮಂಗೆ ಹೇಳು" ಅಂದರು. ನಾನೂ ಖುಷಿಪಟ್ಟೆ.

ಕ್ಯಾಂಪು ಊರು ಬಿಟ್ಟು ಮುಂದಿನ ಊರಿಗೆ ಹೋಗುವ ಹೊತ್ತಿಗೆ ಅಲ್ಲಿದ್ದ ಹುಡುಗ, ಬಾಯ್ತುಂಬಾ "ಅಮ್ಮ ಅಮ್ಮ" ಅನ್ನುತ್ತಿದ್ದವನು, ಈಗ ನಿಲ್ಲಿಸಿದರೆ ನೋವು ಡಬಲ್ ಆಗಿ ವಾಪಸ್ ಬರುತ್ತೆ ಅಂದನಂತೆ. ದೊಡ್ಡಮ್ಮ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಇಪ್ಪತ್ತು ಸಾವಿರದ ಮೇಲೆ ಕೊಟ್ಟು ಮೆಷಿನ್ ತಂದರು. ಮನೆಯಲ್ಲೇ, ಸೋಫಾ ಮೇಲೆ, ಸೀರಿಯಲ್ ನೋಡುತ್ತಾ ದಿನಕ್ಕೆರಡು ಸಲ ಪಾದ ಇಟ್ಟರು. ನೋವು ಮೊದಲಿನ ಹಾಗೇ ಬಂತು.

ಯಾಕೆ ಅಂತ ಯೋಚಿಸಿ ನೋಡಿ. ಅದೇ ಮೆಷಿನ್ನು, ಅದೇ ಕರೆಂಟು, ಅದೇ ಅರ್ಧ ಗಂಟೆ. ಬದಲಾಗಿದ್ದು ಒಂದೇ. ಕ್ಯಾಂಪು ಅವರ ಮನೆಯಿಂದ ಹೆಚ್ಚೂಕಮ್ಮಿ ಒಂದು ಕಿಲೋಮೀಟರ್ ದೂರ ಇತ್ತು. ದಿನಾ ಬೆಳಗ್ಗೆ ಗೆಳತಿಯರ ಜೊತೆ ಹರಟುತ್ತಾ ಹೋಗಿ, ಸಾಲಲ್ಲಿ ನಿಂತು, ಕೂತು, ಎದ್ದು, ಮತ್ತೆ ನಡೆದು ಬರುತ್ತಿದ್ದರು. ವರ್ಷಗಳಿಂದ ಮಾಡದ ವ್ಯಾಯಾಮ ಅದು! ಗುಣ ಕೊಟ್ಟಿದ್ದು ರಸ್ತೆ, ಹೆಸರು ಬಂದಿದ್ದು ಮೆಷಿನ್ನಿಗೆ. ಈ ಮಾತು ಹೇಳಿದರೆ ದೊಡ್ಡಮ್ಮನಿಗೆ ಇವತ್ತಿಗೂ ಸಿಟ್ಟು ಬರುತ್ತದೆ, ಅದು ಬೇರೆ ವಿಚಾರ.

ಈಗ ಮಂಡಿಗೆ ಬರೋಣ, ಯಾಕೆಂದರೆ ಈ ಮೆಷಿನ್ ಕೊಳ್ಳುವವರಲ್ಲಿ ಹಲವರು ಕೊಳ್ಳುವುದು ಮಂಡಿಗೋಸ್ಕರ. ಮಂಡಿ ಸವೆತ ಅಂದರೆ ಅಲ್ಲಿ ಮೊದಲು ಸವೆಯುವುದು ಮೂಳೆಗಳ ತುದಿಗೆ ಹೊದಿಸಿದ ಹಾಗಿರುವ ಕಾರ್ಟಿಲೇಜ್. ಆ ಕಾರ್ಟಿಲೇಜಿಗೆ ರಕ್ತನಾಳವೇ ಇಲ್ಲ. ಇನ್ನೊಮ್ಮೆ ಹೇಳುತ್ತೇನೆ, ರಕ್ತನಾಳವೇ ಇಲ್ಲ. ಅದಕ್ಕೆ ಪೋಷಣೆ ಸಿಗುವುದು ಕೀಲಿನೊಳಗಿನ ದ್ರವದಿಂದ. ನಾವು ಮಂಡಿ ಮಡಿಸಿ ಚಾಚಿದಾಗ, ಭಾರ ಬಿದ್ದು ಬಿಟ್ಟಾಗ ಆ ದ್ರವ ಒಳಗೆ ಹೋಗಿ ಬರುತ್ತದೆ. ಪಾದಕ್ಕೆ ಕರೆಂಟ್ ಕೊಟ್ಟು "ಸರ್ಕ್ಯುಲೇಶನ್ ಜಾಸ್ತಿ ಮಾಡಿ ಮಂಡಿ ಸರಿ ಮಾಡುತ್ತೇವೆ" ಅನ್ನುವವರು ಸರ್ಕ್ಯುಲೇಶನ್ನೇ ಇಲ್ಲದ ಜಾಗಕ್ಕೆ ಸರ್ಕ್ಯುಲೇಶನ್ ಮಾರುತ್ತಿದ್ದಾರೆ.

ಇದು ನನ್ನ ತಲೆಹರಟೆ ಅಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ, ಕೀಲು ಸವೆತಕ್ಕೆ ಕರೆಂಟಿನ ಚಿಕಿತ್ಸೆಗಳನ್ನು ಕೊಡಬೇಡಿ, ಉಪಯೋಗ ಇದೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂದಿದೆ. ಸ್ನಾಯುವನ್ನು ಕುಣಿಸುವ ಕರೆಂಟೂ ಆ ಪಟ್ಟಿಯಲ್ಲಿದೆ. ಚರ್ಮದ ಮೇಲಿನಿಂದ ಸಣ್ಣ ಕರೆಂಟ್ ಕೊಟ್ಟು ನೋವು ಕಡಿಮೆ ಮಾಡುತ್ತದೆ ಅಂತ ಮಾರುವ ಟೆನ್ಸ್ ಮೆಷಿನ್ನನ್ನು ಮಂಡಿ ಸವೆತಕ್ಕೆ ಬಳಸಬೇಡಿ ಅಂತ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2019ರಲ್ಲೇ ಬಲವಾಗಿ ಹೇಳಿದೆ. ಇಬ್ಬರೂ ಮುಂದಿಟ್ಟಿದ್ದು ವ್ಯಾಯಾಮ ಮತ್ತು ತೂಕ.

ಆಸ್ಪತ್ರೆಯಲ್ಲೂ ಇದನ್ನೇ ಕಟ್ಟುತ್ತಾರಲ್ಲಾ ಅಂತ ಕೆಲವರು ವಾದ ತರುತ್ತಾರೆ. ಆಸ್ಪತ್ರೆಯಲ್ಲಿ ಆಕ್ಸಿಜನ್ನೂ ಹಾಕುತ್ತಾರೆ. ಹಾಗಂತ ನಾವು ಹಾಲ್‌ನಲ್ಲಿ ಸಿಲಿಂಡರ್ ಇಟ್ಟುಕೊಂಡು ಟಿವಿ ನೋಡುತ್ತೇವಾ? ಮುಗಿಯಿತು.

ಖರ್ಚಿಲ್ಲದ್ದನ್ನು ಹೇಳಿದರೆ ಯಾರಿಗೂ ರುಚಿಸುವುದಿಲ್ಲ. ಕುರ್ಚಿ ಮೇಲೆ ಕೂತು ಒಂದು ಕಾಲು ನೇರ ಚಾಚಿ, ತೊಡೆ ಬಿಗಿ ಮಾಡಿ, ಐದು ಎಣಿಸಿ ಇಳಿಸುವುದು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಸಾರು ಕುದಿಯುವಷ್ಟು ಹೊತ್ತು ಸಾಕು. ಮೀನಖಂಡದ ಪಂಪು ಅಂತ ಮೆಷಿನ್ನಿನವರು ದೊಡ್ಡದಾಗಿ ಹೇಳುತ್ತಾರಲ್ಲ, ಹಿಮ್ಮಡಿ ಎತ್ತಿದರೆ ಅದೇ ಪಂಪು ಕೆಲಸ ಮಾಡುತ್ತದೆ, ಪ್ಲಗ್ಗು ಬೇಕಿಲ್ಲ. ತೂಕದ ಲೆಕ್ಕ ಇನ್ನೂ ಚೆನ್ನಾಗಿದೆ. ಮಂಡಿ ಸವೆದ, ದಪ್ಪಗಿದ್ದ ವಯಸ್ಸಾದವರ ಮೇಲೆ ಅಮೆರಿಕದಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೇಹದ ತೂಕ 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಬೀಳುವ ಭಾರ ಸುಮಾರು 4 ಕೆಜಿ ಇಳಿಯುತ್ತದೆ. ಮೆಷಿನ್ನಿಗೆ ಕೊಡುವ ದುಡ್ಡಿನಲ್ಲಿ ಒಬ್ಬ ಒಳ್ಳೆ ಫಿಸಿಯೋಥೆರಪಿಸ್ಟ್ ಹತ್ತಿರ ಎಷ್ಟೋ ಸಲ ಹೋಗಿ ಸರಿಯಾಗಿ ಕಲಿತು ಬರಬಹುದು.

ಸುಮ್ನೆ ದುಡ್ಡು ದಂಡ ಅಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಲೆಕ್ಕದಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ. ವರ್ಷಗಟ್ಟಲೆ ಶುಗರ್ ಇದ್ದ ಹಲವರ ಪಾದ ಜೋಮು ಹಿಡಿದಿರುತ್ತದೆ. ಬಿಸಿ ತಾಗಿದರೂ ಗೊತ್ತಾಗುವುದಿಲ್ಲ. ಈ ಮೆಷಿನ್‌ಗಳಲ್ಲಿ ಹಲವಕ್ಕೆ ಬಿಸಿ ಮಾಡುವ ಬಟನ್ ಬೇರೆ ಇದೆ. ಬೊಬ್ಬೆ ಎದ್ದರೆ, ಆ ಗಾಯ ಮಾಯದಿದ್ದರೆ ಏನಾಗುತ್ತದೆ ಅಂತ ಶುಗರ್ ಇರುವ ಮನೆಯವರಿಗೆ ನಾನು ಹೇಳಬೇಕಿಲ್ಲ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಸರಿಹೋಗುವ ನೋವು ಇನ್ನೊಂದಿದೆ. ಬೀಡಿ ಸಿಗರೇಟು ಸೇದುವವರಲ್ಲಿ, ಶುಗರ್ ಇರುವವರಲ್ಲಿ ಜಾಸ್ತಿ. ಅದು ಕಾಲಿಗೆ ರಕ್ತ ತರುವ ನಾಳ ಕಿರಿದಾಗಿರುವ ಸೂಚನೆ ಇರಬಹುದು. ಕಣಕಾಲಿನ ಬಿಪಿ, ತೋಳಿನ ಬಿಪಿ ಎರಡನ್ನೂ ಅಳೆದು ಹೋಲಿಸಿ ಕಂಡುಹಿಡಿಯುತ್ತಾರೆ. ಅಂಥವರು ಡಾಕ್ಟರ್ ಹತ್ತಿರ ಹೋಗುವ ಬದಲು ತಿಂಗಳುಗಟ್ಟಲೆ ಮೆಷಿನ್ ಮುಂದೆ ಕೂತರೆ ನಷ್ಟ ಯಾರಿಗೆ?

ಕ್ಯಾಂಪುಗಳಲ್ಲಿ ಶುಗರ್ ಇಳಿಯುತ್ತೆ, ಬಿಪಿ ಇಳಿಯುತ್ತೆ, ಲಕ್ವ ಹೊಡೆದ ಕೈಕಾಲು ಬರುತ್ತೆ ಅಂತೆಲ್ಲ ಹೇಳುತ್ತಾರೆ. ಇಂಥ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು ತಡೆಯಲು 1954ರಿಂದಲೂ ಕಾಯ್ದೆ ಇದೆ. ಅದಕ್ಕೇ ಇರಬೇಕು, ದೊಡ್ಡಮ್ಮ ಹೋಗುತ್ತಿದ್ದ ಕ್ಯಾಂಪಿನ ಕರಪತ್ರದಲ್ಲಿ ಇದ್ಯಾವುದೂ ಇರಲಿಲ್ಲ. ಎಲ್ಲಾ ಬಾಯಿಮಾತು. ನೋವು ಜಾಸ್ತಿಯಾದರೆ "ಕೆಟ್ಟದ್ದೆಲ್ಲ ಹೊರಗೆ ಹೋಗ್ತಿದೆ ಅಮ್ಮ, ನಿಲ್ಲಿಸಬೇಡಿ" ಅನ್ನುವ ಮಾತೂ ಅದರಲ್ಲಿತ್ತು.

ಆ ಮಾತು ಕೇಳಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದನ್ನಂತೂ ಹೇಳಿಟ್ಟಿದ್ದೇನೆ. ಎರಡು ಕಾಲೂ ಸಂಜೆ ಊದುವುದು ಬೇರೆ. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ, ಮೀನಖಂಡ ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅಂಥ ಕಾಲನ್ನು ಯಾವ ಮೆಷಿನ್ ಮೇಲೂ ಇಡಬೇಡಿ, ತಿಕ್ಕಲೂ ಬೇಡಿ. ನಾಳೆ ನೋಡೋಣ ಅನ್ನದೆ ಅವತ್ತೇ ಆಸ್ಪತ್ರೆಗೆ ಹೋಗಿ, ನಾಳದೊಳಗೆ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಬೇಕಾ ಅಂತ ಡಾಕ್ಟರನ್ನು ಕೇಳಿ.