ಕಡಲ ತಳದ ಚಿಮಣಿಗಳಿಂದ ಅದಿರು ತೆಗೆಯಬೇಕೇ?

ಪರ: ಹುಟ್ಟುತ್ತಿರುವ ಅದಿರನ್ನು ಬಳಸೋಣ

ಅದಿರು ಅಂದ ಕೂಡಲೇ ಕೋಟ್ಯಂತರ ವರ್ಷಗಳ ಹಿಂದೆ ಆಗಿ ಮುಗಿದ ಸಂಗತಿ ಅಂತ ಅಂದುಕೊಳ್ಳುತ್ತೇವೆ. ಆದರೆ ಈ ಹೊತ್ತಿನಲ್ಲೂ ಕಡಲ ತಳದಲ್ಲಿ ಅದು ಹುಟ್ಟುತ್ತಲೇ ಇದೆ. 1979ರಲ್ಲಿ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಮೆಕ್ಸಿಕೋ ತೀರದಾಚೆ ಇಳಿದವರು ಇದನ್ನು ಕಣ್ಣಾರೆ ಕಂಡರು. ಎರಡೂವರೆ ಕಿಲೋಮೀಟರ್‌ಗಿಂತ ಹೆಚ್ಚು ಆಳ, ಕಗ್ಗತ್ತಲು. ಕಲ್ಲಿನ ಚಿಮಣಿಗಳ ಬಾಯಿಂದ ಕಪ್ಪು ಹೊಗೆ ನುಗ್ಗಿ ಬರುತ್ತಿತ್ತು. ಬಿಸಿ ಎಷ್ಟಿದೆ ನೋಡೋಣ ಅಂತ ತಾಪ ಅಳೆಯುವ ಕಡ್ಡಿಯನ್ನು ಚುಚ್ಚಿದರೆ ಅದರ ಪ್ಲಾಸ್ಟಿಕ್ ತುದಿಯೇ ಕರಗಿಹೋಯಿತು. ಆಮೇಲೆ ಸರಿಯಾಗಿ ಅಳೆದಾಗ ಸಿಕ್ಕಿದ್ದು ಸುಮಾರು 350 ಡಿಗ್ರಿ ಸೆಲ್ಸಿಯಸ್. ಮೇಲಿನ ನೀರಿನ ಭಾರ ಎಷ್ಟಿದೆ ಅಂದರೆ, ಅಷ್ಟು ಬಿಸಿಯಲ್ಲೂ ಅದು ಕುದಿಯುವುದಿಲ್ಲ.

ಅದು ಹೊಗೆಯೂ ಅಲ್ಲ, ಲೋಹದ ಪುಡಿ. ಕಡಲ ನೀರು ತಳದ ಬಿರುಕುಗಳಲ್ಲಿ ಇಳಿಯುತ್ತದೆ. ಕೆಳಗೆ ಕರಗಿದ ಬಂಡೆಯ ಕಾವು ತಗುಲುತ್ತದೆ. ಕಾಯುತ್ತಾ ಹೋದಂತೆ ನೀರು ತನ್ನಲ್ಲಿದ್ದ ಮೆಗ್ನೀಸಿಯಂ ಅನ್ನು ಬಂಡೆಗೆ ಬಿಟ್ಟುಕೊಟ್ಟು ಆಮ್ಲವಾಗುತ್ತದೆ. ಆಮ್ಲವಾದ ಆ ಬಿಸಿ ನೀರು ಬಸಾಲ್ಟ್ ಕಲ್ಲಿನಿಂದ ಕಬ್ಬಿಣ, ತಾಮ್ರ, ಸತು, ಗಂಧಕ ಎಲ್ಲವನ್ನೂ ಹೀರಿಕೊಂಡು ಮೇಲೆ ಚಿಮ್ಮುತ್ತದೆ. ಹೊರಗಿನ ನೀರು ಬರೀ 2 ಡಿಗ್ರಿ. ಎರಡೂ ಸೇರಿದ ಕ್ಷಣದಲ್ಲೇ ಕರಗಿದ ಲೋಹ ಗಂಧಕದ ಜೊತೆ ಕೂಡಿ ಸಲ್ಫೈಡ್ ಎಂಬ ಕಣಗಳಾಗಿ ಉದುರುತ್ತದೆ.

ಇಂಥ ಒಂದು ಚಿಮಣಿಯನ್ನು ಅಡ್ಡ ಕೊಯ್ದು ನೋಡಿ. ಅದು ಕಟ್ಟಿಕೊಂಡ ಕಥೆ ಪದರ ಪದರವಾಗಿ ಕಾಣುತ್ತದೆ. ಮೊದಲು ಏಳುವುದು ಅನ್‌ಹೈಡ್ರೈಟ್ ಎಂಬ ಖನಿಜದ ಗೋಡೆ. ಉಪ್ಪು, ಸಕ್ಕರೆ ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತವೆ, ಅಲ್ವಾ? ಇದರ ಗುಣ ತದ್ವಿರುದ್ಧ. ಸುಮಾರು 150 ಡಿಗ್ರಿ ದಾಟಿದರೆ ಕಡಲ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಗಟ್ಟಿಯಾಗಿಬಿಡುತ್ತವೆ. ಹಾಗಾಗಿ ಬಿಸಿ ಚಿಲುಮೆಯ ಸುತ್ತ ತಾನಾಗಿಯೇ ಬಿಳಿ ಕೊಳವೆಯೊಂದು ಏಳುತ್ತದೆ. ಆ ಗೋಡೆಯ ಆಸರೆ ಸಿಕ್ಕಿದ ಮೇಲೆ ಒಳಗಡೆ ತಾಮ್ರದ ಅದಿರಾದ ಚಾಲ್ಕೋಪೈರೈಟ್ ಮೆತ್ತಿಕೊಳ್ಳುತ್ತದೆ, ಹಿತ್ತಾಳೆಯ ಹಳದಿ ಹೊಳಪಿನಲ್ಲಿ. ಕಾವು ಕಡಿಮೆ ಇರುವ ಹೊರಮೈಯಲ್ಲಿ ಕಬ್ಬಿಣದ ಸಲ್ಫೈಡ್ ಆದ ಪೈರೈಟ್ ಮತ್ತು ಸತುವಿನ ಸ್ಫಾಲರೈಟ್ ಕೂರುತ್ತವೆ. ಕೆಲವು ಚಿಮಣಿಗಳು ದಿನಕ್ಕೆ 30 ಸೆಂಟಿಮೀಟರ್‌ವರೆಗೂ ಬೆಳೆದದ್ದುಂಟು.

ಈ ಅದಿರು ನಮಗೆ ಹೊಸದೇನೂ ಅಲ್ಲ. ಸೈಪ್ರಸ್‌ನ ಟ್ರೂಡೋಸ್ ಬೆಟ್ಟಗಳು ಒಂದು ಕಾಲಕ್ಕೆ ಕಡಲ ತಳವಾಗಿದ್ದವು. ಅಲ್ಲಿ ಸಾವಿರಾರು ವರ್ಷ ಅಗೆದ ತಾಮ್ರ ಇಂಥದೇ ಬುಗ್ಗೆಗಳು ಬಿಟ್ಟುಹೋದದ್ದು. ತಾಮ್ರಕ್ಕೆ ಲ್ಯಾಟಿನ್‌ನಲ್ಲಿ ಬಂದ ಕುಪ್ರಂ ಎಂಬ ಹೆಸರೂ ಆ ದ್ವೀಪದ್ದೇ. ಜಪಾನಿನ ಕುರೊಕೊ ಗಣಿಗಳೂ ಹಾಗೆಯೇ. ಅಂದರೆ ಸತ್ತ ಚಿಮಣಿಗಳನ್ನು ನಾವು ಆಗಿನಿಂದಲೂ ಅಗೆಯುತ್ತಲೇ ಬಂದಿದ್ದೇವೆ. ಈಗ ಕೇಳುತ್ತಿರುವುದು ಇನ್ನೂ ನೀರಿನಡಿ ಇರುವವನ್ನು ಮುಟ್ಟಬಹುದೇ ಅಂತ ಮಾತ್ರ.

ಮುಟ್ಟಬಹುದು ಅಂತ ನಾನು ಹೇಳುತ್ತೇನೆ. ವಿದ್ಯುತ್ ತಂತಿ, ಮೋಟಾರು, ಗಾಳಿಯಂತ್ರ, ಎಲ್ಲಕ್ಕೂ ತಾಮ್ರ ಬೇಕು. ನೆಲದ ಮೇಲಿನ ದೊಡ್ಡ ಗಣಿಗಳ ಕಲ್ಲಿನಲ್ಲಿ ಈಗ ಸಿಗುವ ತಾಮ್ರ ಬಹಳ ಕಡೆ ನೂರಕ್ಕೆ ಒಂದು ಭಾಗವೂ ಇಲ್ಲ. ನೂರಕ್ಕೆ ಅರ್ಧ ಭಾಗ ಅಂತಲೇ ಹಿಡಿಯಿರಿ, ಒಂದು ಟನ್ ತಾಮ್ರಕ್ಕೆ 200 ಟನ್ ಕಲ್ಲು ಒಡೆಯಬೇಕು. ಅದರ ಹಿಂದೆಯೇ ಕಾಡು ಹೋಗುತ್ತದೆ, ಊರು ಖಾಲಿಯಾಗುತ್ತದೆ, ವಿಷದ ಕೆಸರಿನ ಕೆರೆ ಉಳಿಯುತ್ತದೆ. ಪಪುವಾ ನ್ಯೂಗಿನಿ ಬಳಿ ಕಡಲ ತಳದ ಸೋಲ್ವಾರಾ 1 ಎಂಬಲ್ಲಿ ಅಂದಾಜು ಮಾಡಿದ ತಾಮ್ರ ನೂರಕ್ಕೆ ಸುಮಾರು 7 ಭಾಗ. ಅಲ್ಲಿ ಹದಿನಾಲ್ಕು ಟನ್ನಿನಷ್ಟು ಕಲ್ಲು ಸಾಕು. 2017ರಲ್ಲಿ ಜಪಾನ್ ಒಕಿನಾವಾ ಬಳಿ 1,600 ಮೀಟರ್ ಆಳದಿಂದ ಅದಿರನ್ನು ಮೇಲಕ್ಕೆತ್ತಿ ತೋರಿಸಿತು. ಆಗದ ಕೆಲಸವೇನಲ್ಲ.

ಅಲ್ಲಿನ ಜೀವಿಗಳ ಗತಿ ಏನು ಅಂತ ಕೇಳುವುದು ನ್ಯಾಯವೇ. ಪೂರ್ವ ಪೆಸಿಫಿಕ್‌ನಲ್ಲಿ 1991ರಲ್ಲಿ ಲಾವಾ ಹರಿದು ಒಂದು ಬುಗ್ಗೆ ಪ್ರದೇಶವನ್ನೇ ಮುಚ್ಚಿಹಾಕಿತ್ತು. ಮೂರು ವರ್ಷದೊಳಗೆ ಅಲ್ಲಿ ಒಂದೂವರೆ ಮೀಟರ್ ಉದ್ದದ ಕೊಳವೆ ಹುಳುಗಳು ಮತ್ತೆ ನಿಂತಿದ್ದವು. ಆದರೂ ಜೀವಂತ ಬುಗ್ಗೆಗಳನ್ನು ಬಿಟ್ಟುಬಿಡೋಣ. ಚಿಮಣಿಗಳ ಚೂರು ಕೂಡಿ ಆದ ದಿಬ್ಬಗಳಲ್ಲಿ ಆರಿಹೋದ, ತಣ್ಣಗಾದವನ್ನಷ್ಟೇ ತೆಗೆಯೋಣ. ಅಷ್ಟಕ್ಕೂ ಬೇಡ ಅನ್ನುವವರು ನೆಲದ ಮೇಲೆ ಯಾವ ಕಾಡನ್ನು ಕೊಡುತ್ತೀರಿ ಅಂತಲೂ ಹೇಳಬೇಕಾಗುತ್ತದೆ.

ವಿರೋಧ: ಚಿಮಣಿ ಬೇಗ ಏಳುತ್ತದೆ, ಅದಿರು ಬೇಗ ಕೂಡುವುದಿಲ್ಲ

ಬುಗ್ಗೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದರಲ್ಲಿ ನನಗೂ ತಕರಾರಿಲ್ಲ. ಆದರೆ ದಿನಕ್ಕೆ 30 ಸೆಂಟಿಮೀಟರ್ ಅಂದ ತಕ್ಷಣ ಅದಿರು ಬೆಳೆಯಂತೆ ಮತ್ತೆ ಮತ್ತೆ ಬರುತ್ತದೆ ಅನ್ನುವ ಭಾವನೆ ಹುಟ್ಟುತ್ತದೆ. ಹಾಗಲ್ಲ. ಚಿಮಣಿ ಸುಮ್ನೆ ತೆಳ್ಳನೆಯ ಕೊಳವೆ. ಬುಗ್ಗೆ ತರುವ ಲೋಹದ ಬಹುಪಾಲು ಆ ಕಪ್ಪು ಹೊಗೆಯ ಜೊತೆ ತೇಲಿ ದೂರ ಹೋಗಿಬಿಡುತ್ತದೆ. ಅಲ್ಲೇ ಉಳಿಯುವುದು ಸ್ವಲ್ಪ.

ಅಟ್ಲಾಂಟಿಕ್ ನಡುವಿನ ಟ್ಯಾಗ್ ದಿಬ್ಬವನ್ನೇ ನೋಡಿ. ಸುಮಾರು 3,650 ಮೀಟರ್ ಆಳದಲ್ಲಿದೆ. 200 ಮೀಟರ್ ಅಗಲ, 50 ಮೀಟರ್ ಎತ್ತರ. 1994ರಲ್ಲಿ ಅದನ್ನು ಕೊರೆದು ನೋಡಿದರು. ಚಿಮಣಿ ಏಳುತ್ತದೆ, ಕುಸಿಯುತ್ತದೆ, ಅದರ ಚೂರುಗಳ ನಡುವೆ ಬಿಸಿ ನೀರು ನುಗ್ಗಿ ಮತ್ತೆ ಬೆಸೆಯುತ್ತದೆ. ಬುಗ್ಗೆ ತಣ್ಣಗಾದರೆ ಅನ್‌ಹೈಡ್ರೈಟ್ ವಾಪಸ್ ಕರಗುತ್ತದೆ, ಒಳಗೆ ಪೊಳ್ಳಾಗಿ ದಿಬ್ಬವೇ ಕುಸಿಯುತ್ತದೆ. ಮತ್ತೆ ಬಿಸಿ ಬಂದರೆ ಮತ್ತೆ ಕಟ್ಟುತ್ತದೆ. ಹತ್ತಾರು ಸಾವಿರ ವರ್ಷ ಹೀಗೆ ನಡೆದ ಮೇಲೆ ಅಲ್ಲಿ ಕೂಡಿದ್ದು ಸುಮಾರು 40 ಲಕ್ಷ ಟನ್ ಸಲ್ಫೈಡ್. ನೆಲದ ಮೇಲಿನ ಒಂದು ದೊಡ್ಡ ತಾಮ್ರದ ಗಣಿ ಕೆಲವೇ ವಾರಗಳಲ್ಲಿ ಅಷ್ಟು ಕಲ್ಲನ್ನು ಒಡೆದು ಹಾಕುತ್ತದೆ.

ಅದೇ ಕೊರೆತ ಇನ್ನೊಂದು ವಿಷಯವನ್ನೂ ತೋರಿಸಿತು, ನನಗೆ ಇದೇ ಮುಖ್ಯ. ಬಿಸಿ ನೀರು ದಿಬ್ಬದೊಳಗೆ ಮತ್ತೆ ಮತ್ತೆ ಹಾಯುವಾಗ ಹಳೆಯ ಸತು, ಚಿನ್ನವನ್ನು ಕರಗಿಸಿ ಹೊರಮೈಗೆ ತಳ್ಳುತ್ತದೆ. ಹಾಗಾಗಿ ಒಳ್ಳೆಯದೆಲ್ಲ ಸಿಪ್ಪೆಯಲ್ಲಿ. ಒಳಗೆ ಜಾಸ್ತಿ ಸಿಗುವುದು ಪೈರೈಟ್, ಸಿಲಿಕಾ, ಅನ್‌ಹೈಡ್ರೈಟ್. ಜಲಾಂತರ್ಗಾಮಿಯ ಕೈಗೆ ಸಿಗುವುದಾದರೂ ಯಾವುದು? ಹೊರಗಿನ ಚಿಮಣಿ ತುಂಡು. ಹಿತ್ತಾಳೆಯಂತೆ ಹೊಳೆಯುವ ಆ ತುಂಡನ್ನು ನೋಡಿ ಇಡೀ ದಿಬ್ಬದ ಬೆಲೆ ಕಟ್ಟಿದರೆ ಮೋಸ ಹೋಗುತ್ತೇವೆ.

ಇರುವುದಾದರೂ ಒಟ್ಟು ಎಷ್ಟು? 2011ರಲ್ಲಿ ಭೂವಿಜ್ಞಾನಿಗಳು ಲೆಕ್ಕ ಹಾಕಿದರು. ಕಡಲ ತಳದಲ್ಲಿ ಹೊಸದಾಗಿ ಲಾವಾ ಹರಿಯುವ ಪಟ್ಟಿಗಳಲ್ಲೆಲ್ಲ ಸೇರಿ ಸುಮಾರು 60 ಕೋಟಿ ಟನ್ ಸಲ್ಫೈಡ್, ಅದರಲ್ಲಿ ತಾಮ್ರ ಮತ್ತು ಸತು ಎರಡೂ ಸೇರಿ ಸುಮಾರು 3 ಕೋಟಿ ಟನ್. ಪ್ರಪಂಚದ ಗಣಿಗಳು ಈಗ ಹೆಚ್ಚುಕಮ್ಮಿ ಅಷ್ಟನ್ನು ಒಂದೇ ವರ್ಷದಲ್ಲಿ ತೆಗೆಯುತ್ತವೆ. ಒಂದು ಬುಗ್ಗೆಯನ್ನೂ ಬಿಡದೆ ಕೆರೆದು ತೆಗೆದರೂ ಸಿಗುವುದು ಒಂದು ವರ್ಷದ ಲೋಹ. ಕಾಡು ಉಳಿಸುವ ಮಾತು ಇಲ್ಲಿಗೇ ನಿಂತುಹೋಗುತ್ತದೆ. ನೆಲದ ಗಣಿ ಮುಚ್ಚುವುದಿಲ್ಲ, ಅದರ ಜೊತೆಗೆ ಇನ್ನೊಂದು ಕಡೆಯೂ ಅಗೆಯುತ್ತೇವೆ ಅಷ್ಟೇ. ಸೋಲ್ವಾರಾ 1ಕ್ಕೆ 2011ರಲ್ಲಿ ಗಣಿ ಪರವಾನಗಿ ಸಿಕ್ಕಿತು, ಯಂತ್ರಗಳೂ ತಯಾರಾದವು. 2019ರಲ್ಲಿ ಕಂಪನಿ ದಿವಾಳಿಯಾಯಿತು. ಗಣಿ ಶುರುವೇ ಆಗಲಿಲ್ಲ, ಪಪುವಾ ನ್ಯೂಗಿನಿ ಸರ್ಕಾರ ಹಾಕಿದ್ದ ಹಣ ಮುಳುಗಿತು.

ಆರಿಹೋದ ದಿಬ್ಬಗಳನ್ನಷ್ಟೇ ಮುಟ್ಟೋಣ ಅನ್ನುವ ಮಾತು ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಆದರೆ ಆರಿದೆ ಅಂತ ಹೇಳುವವರು ಯಾರು? ಟ್ಯಾಗ್ ದಿಬ್ಬವೇ ಸಾವಿರಾರು ವರ್ಷ ಮಲಗಿ ಮತ್ತೆ ಎದ್ದಿದೆ. ತಣ್ಣಗಾದ ಚಿಮಣಿಗಳ ಮೇಲೆ ನಿಧಾನವಾಗಿ ಬೆಳೆಯುವ ಹವಳ, ಸ್ಪಂಜುಗಳೂ ಇವೆ. ಕೆರೆದಾಗ ಏಳುವ ಲೋಹದ ಧೂಳು ಗಡಿ ನೋಡಿಕೊಂಡು ನಿಲ್ಲುವುದಿಲ್ಲ, ಪಕ್ಕದ ಜೀವಂತ ಬುಗ್ಗೆಗೂ ಹೋಗುತ್ತದೆ.

ಮೂರು ವರ್ಷದೊಳಗೆ ಹುಳುಗಳು ಮರಳಿದ ಕಥೆಯೂ ನಿಜ. ಆದರೆ ಪೂರ್ವ ಪೆಸಿಫಿಕ್‌ನಲ್ಲಿ ತಳ ಬೇಗ ಬೇಗ ಬಿರಿಯುತ್ತದೆ, ಲಾವಾ ಆಗಾಗ ಹರಿಯುತ್ತದೆ, ಪಕ್ಕದಲ್ಲೇ ಇನ್ನೊಂದು ಬುಗ್ಗೆ ಇರುತ್ತದೆ. ಅಲ್ಲಿನ ಜೀವಿಗಳು ಅದಕ್ಕೆ ಒಗ್ಗಿಕೊಂಡಿವೆ. ಹಿಂದೂ ಮಹಾಸಾಗರದಲ್ಲಿ ತಳ ಬಿರಿಯುವ ದಿಣ್ಣೆಗಳು ಅಷ್ಟು ವೇಗದವಲ್ಲ. ಬುಗ್ಗೆಗಳು ದೂರ ದೂರ, ಒಂದೊಂದೂ ಬಹಳ ಕಾಲ ಉರಿಯುತ್ತದೆ. ಒಂದನ್ನು ಅಳಿಸಿದರೆ ಮರಿಗಳು ಎಲ್ಲಿಂದ ಬರಬೇಕು?

ಅಲ್ಲೇ ಒಂದು ಬಸವನಹುಳು ಇದೆ. 2001ರಲ್ಲಿ ಕೈರೇ ಎಂಬ ಬುಗ್ಗೆ ಪ್ರದೇಶದಲ್ಲಿ ಸಿಕ್ಕಿತು. ಅದರ ಪಾದದ ತುಂಬ ಹಂಚು ಜೋಡಿಸಿದ ಹಾಗೆ ಚಿಪ್ಪುಗಳು, ಆ ಚಿಪ್ಪುಗಳ ಮೇಲೆ ಕಬ್ಬಿಣದ ಸಲ್ಫೈಡ್. ಕಪ್ಪು ಹೊಗೆಯಲ್ಲಿರುವ ಅದೇ ಕಬ್ಬಿಣ, ಅದೇ ಗಂಧಕ. ಮೈಮೇಲೆ ಹೀಗೆ ಕಬ್ಬಿಣ ತೊಟ್ಟ ಇನ್ನೊಂದು ಪ್ರಾಣಿ ನಮಗೆ ಗೊತ್ತಿಲ್ಲ. 2019ರಲ್ಲಿ ಇದು ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಗೆ ಸೇರಿತು, ಕಾರಣ ಆಳಕಡಲ ಗಣಿಯ ಭಯ. ಆಗ ಅದರ ನೆಲೆ ಅಂತ ಗೊತ್ತಿದ್ದದ್ದು ಮೂರೇ ಬುಗ್ಗೆ ಪ್ರದೇಶಗಳು. ಅವುಗಳಲ್ಲೊಂದು ಸಾಲಿಟೇರ್. ಅಲ್ಲಿನ ನೀರಿನಲ್ಲಿ ಕಬ್ಬಿಣ ತೀರಾ ಕಡಿಮೆ. ಅಲ್ಲಿನ ಬಸವನಹುಳು ಜಾತಿಯಲ್ಲಿ ಅದೇ, ಆದರೆ ಮೈ ಬೆಳ್ಳಗಿದೆ, ಚಿಪ್ಪಿನ ಮೇಲೆ ಕಬ್ಬಿಣವೇ ಇಲ್ಲ.