ಪ್ರಿಂಟರಿಗೆ ಹಲೋ

ಮೂರು ದಿನ ನಾನು ಪ್ರಿಂಟರಿಗೆ ಹಲೋ ಹೇಳುತ್ತಿದ್ದೆ. ಗೊತ್ತಾಗಿದ್ದು ನಾಲ್ಕನೇ ದಿನ.

ನಮ್ಮದು ಅಡಿಕೆ ವ್ಯಾಪಾರದ ಕಂಪನಿ. ಹೆಡ್ಡಾಫೀಸು ಬೆಂಗಳೂರು, ಬ್ರಾಂಚು ಸಾಗರ. ಅಲ್ಲೊಂದು ಇಂಟರ್‌ನೆಟ್ ಫೋನ್ ಇಡಿಸಿ ಇಲ್ಲಿನ ಎಕ್ಸ್‌ಚೇಂಜಿಗೆ ಸೇರಿಸಿದೆ. ರಿಂಗೇನೋ ಆಯಿತು. ಅವರ ಮಾತು ನನಗೆ ಸ್ಪಷ್ಟ, ನನ್ನ ಮಾತು ಅವರಿಗೆ ನಾಸ್ತಿ.

"ಹಲೋ... ಎಂತದೂ ಕೇಳ್ತಾ ಇಲ್ಲ," ಎಂದ ಸಾಗರದ ಮೇಡಂ, ರಿಸೀವರ್ ಇಡದೆಯೇ ಪಕ್ಕದವರಿಗೆ ಹೇಳಿದರು: "ಈ ಪುಣ್ಯಾತ್ಮ ಇಂಜಿನಿಯರಿಂಗ್ ಓದಿದ್ದು ಹೌದಾ ಅಂತ!"

ನನಗೆಲ್ಲ ಕೇಳುತ್ತಿದೆ ಅಂತ ಮೊಬೈಲಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ಆಗಿದ್ದಿಷ್ಟು. ಈ ಫೋನುಗಳಲ್ಲಿ ರಿಂಗ್ ಮಾಡಿಸುವ ಎಸ್‌ಐಪಿ ಅನ್ನುವ ವ್ಯವಸ್ಥೆ ಬೇರೆ, ಧ್ವನಿ ಹೋಗುವ ದಾರಿ ಬೇರೆ. ಧ್ವನಿ ಎಲ್ಲಿಗೆ ಕಳಿಸಲಿ ಅಂದರೆ ಸಾಗರದ ಫೋನು ತನ್ನ ಆಫೀಸಿನೊಳಗಿನ ವಿಳಾಸ 192.168.1.20 ಅಂದಿತು. ಅದು 'ದೇವಸ್ಥಾನದ ಹಿಂದಿನ ಮನೆ' ಅಂದ ಹಾಗೆ, ಊರೂರಲ್ಲೂ ಒಂದಿರುತ್ತದೆ. ನಮ್ಮ ಆಫೀಸಿನಲ್ಲಿ ಆ ವಿಳಾಸದಲ್ಲಿದ್ದದ್ದು ಪ್ರಿಂಟರು. ಸೆಕೆಂಡಿಗೆ 50 ಪ್ಯಾಕೆಟ್ಟಿನಂತೆ, ಅಂದರೆ ಧ್ವನಿಯ 50 ತುಣುಕಿನಂತೆ, ನನ್ನ ಹಲೋಗಳೆಲ್ಲ ಅದರ ಹೊಟ್ಟೆಗೆ. ಹಾಳೆ ಕೊಟ್ಟರೂ ಮುಖ ತಿರುಗಿಸುವ ಪ್ರಾಣಿ, ಹಲೋಗೆ ಓಗೊಡುತ್ತದೆಯೇ?

"ವಿಪಿಎನ್ ಟನಲ್ ಹಾಕ್ಬೇಕು ಸಾರ್," ಅಂದೆ.

ಬಾಸ್ ಗಾಬರಿಯಾದರು. "ರಸ್ತೆ ಅಗೀಬೇಕಾ?"

ಅಗೆಯುವುದೇನೂ ಇಲ್ಲ, ಅದು ಇಂಟರ್‌ನೆಟ್ಟಿನೊಳಗೇ ಎರಡು ಆಫೀಸು ಸೇರಿಸುವ ಖಾಸಗಿ ದಾರಿ. ಆದರೆ ಎರಡೂ ಕಡೆ 192.168.1 ಇದ್ದರೆ ಟನಲ್ಲಿಗೂ ಯಾವ ದೇವಸ್ಥಾನ ಅಂತ ತಿಳಿಯದು. ಸಾಗರದ್ದನ್ನೆಲ್ಲ 192.168.20 ಮಾಡಿಸಿದೆ. ಅದರಲ್ಲಿ ಅವರ ಪ್ರಿಂಟರು ಕಾಣೆಯಾಗಿ, ಅರ್ಧ ದಿನ ಬಿಲ್ಲು ಕೈಯಲ್ಲಿ ಬರೆದರಂತೆ.

ಇಷ್ಟಾದರೂ ಮಾತು ತಡವಾಗಿ ಬರುತ್ತಿತ್ತು, ಮದುವೆಗೆ ಕರೆದರೆ ನಾಮಕರಣಕ್ಕೆ ಬಂದ ಹಾಗೆ. ತಪ್ಪು ನನ್ನದೇ: ಟನಲ್ಲನ್ನು ಟಿಸಿಪಿ ಅನ್ನುವ ಸಾಗಣೆ ಪದ್ಧತಿಯ ಮೇಲೆ ಹಾಕಿದ್ದೆ. ಅದರಲ್ಲಿ ಒಂದು ಪ್ಯಾಕೆಟ್ ಕಳೆದರೆ, ಅದು ಮತ್ತೆ ಬರುವವರೆಗೂ ಅದರ ಹಿಂದೆ ಬರುವವೆಲ್ಲ ಕಾಯುತ್ತವೆ. ಫೋನಿನ ಮಾತಿನಲ್ಲಿ ಅರ್ಧ ಅಕ್ಷರ ಹೋದರೆ ಹೋಗಲಿ, ಕಾಯಬಾರದು. ಹಾಗೆ ಕಾಯದ ಯುಡಿಪಿ ಪದ್ಧತಿಗೆ ಬದಲಿಸಿ ಫೋನ್ ಮಾಡಿದೆ.

ಮೇಡಂ ಎತ್ತಿದರು. ಹಲೋ ಅನ್ನುವ ಶ್ರಮವನ್ನೂ ತೆಗೆದುಕೊಳ್ಳದೆ ಪಕ್ಕದವರಿಗೆ, "ಮತ್ತೆ ಅದೇ ಜನ. ಇದ್ದ ಪ್ರಿಂಟರನ್ನೂ ಹಾಳು ಮಾಡಿದ, ಫೋನಂತೂ ಇವನ ಜನ್ಮದಲ್ಲಿ ಸರಿಯಾಗಲ್ಲ," ಅಂದರು.

"ಆಯ್ತು ಮೇಡಂ, ಈಗ್ತಾನೆ," ಅಂದೆ.

ಆ ಕಡೆ ಫ್ಯಾನ್ ತಿರುಗುವ ಸದ್ದು ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು.